ಸಟೈವಮ್ ಗೊಂಚಲು

ಜಮಖಂಡಿಯ ಮುರಗೆಪ್ಪನವರ ಮನೆಯಲ್ಲಿ ಊಟಕ್ಕೆ ಕೂತವರ ತಾಟಿಗೆ ಉಪ್ಪಿಗಿಂತ ಮೊದಲು ಬೀಳುತ್ತಿದ್ದದ್ದು ಲ್ಯಾಟಿನ್. ಅವರು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಸಂಜೆ ಗಂಟೆ ಬಾರಿಸಿದ ಕೂಡಲೇ ಹುಡುಗರು ತಪ್ಪಿಸಿಕೊಂಡು ಮನೆಗೆ ಹೋಗುತ್ತಿದ್ದರು. ಹೆಂಡತಿ ಅನಸವ್ವನಿಗೆ ಆ ಸೌಲಭ್ಯ ಇರಲಿಲ್ಲ. ಅವಳು ಮನೆಯಲ್ಲೇ ಇದ್ದಳು.

ಹಿತ್ತಲಿನ ಬೇವಿಗೊಂದು ಚೀಟಿ, ಕರಿಬೇವಿಗೊಂದು ಚೀಟಿ, ಕೊನೆಗೆ ಅಡುಗೆಮನೆಯ ಡಬ್ಬಿಗಳಿಗೂ ಒಂದೊಂದು ಚೀಟಿ. ಒಮ್ಮೆ ಪಕ್ಕದ ಮನೆಯಾಕೆ ಒಂದಿಷ್ಟು ಜೀರಿಗೆ ಕೇಳಲು ಬಂದವಳು ಡಬ್ಬಿಯ ಮೇಲಿನ ಹೆಸರು ಓದಿ, ಇದ್ಯಾವುದೋ ಔಷಧ ಇರಬೇಕೆಂದು ಹೆದರಿ ಬರಿಗೈಯಲ್ಲಿ ಹಿಂದಿರುಗಿದಳು. (ಗಂಡನ ವಿದ್ವತ್ತಿನಿಂದ ಅನಸವ್ವನಿಗೆ ಆದ ನೇರ ಲಾಭ ಇದೊಂದೇ.)

ಲ್ಯಾಟಿನ್ನಿನ ಅಷ್ಟೂ ಶಬ್ದಗಳಲ್ಲಿ ಮುರಗೆಪ್ಪನವರ ಮುದ್ದಿನ ಶಬ್ದ ಒಂದಿತ್ತು: ಸಟೈವಸ್. ಅದರ ವಂಶಾವಳಿಯನ್ನು ಅವರು ತಮ್ಮ ಮನೆತನದ್ದಕ್ಕಿಂತ ಚೆನ್ನಾಗಿ ಬಲ್ಲರು. ‘ಸೆರೆರೆ’ ಎಂದರೆ ಬಿತ್ತುವುದು. ಬಿತ್ತಿದ್ದು ‘ಸಾಟಸ್’. ಅದರಿಂದ ಹುಟ್ಟಿದ ವಿಶೇಷಣ ಸಟೈವಸ್. ಅಂದರೆ ಕಾಡಿನಲ್ಲಿ ತಾನಾಗಿ ಎದ್ದದ್ದಲ್ಲ, ಮನುಷ್ಯ ಕೈಯಾರೆ ಬಿತ್ತಿ ಬೆಳೆಸಿದ್ದು.

“ನೋಡು ಅನಸವ್ವ,” ಎಂದರು ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ, “ಈ ತಾಟಿನ್ಯಾಗ ಇಡೀ ಒಕ್ಕಲುತನದ ಇತಿಹಾಸ ಕುಂತೈತಿ. ಸವತಿಕಾಯಿ, ಕುಕುಮಿಸ್ ಸಟೈವಸ್. ಮೂಲಂಗಿ, ರಫಾನಸ್ ಸಟೈವಸ್. ಅನ್ನ, ಒರೈಝಾ ಸಟೈವಾ. ಕೊತ್ತಂಬರಿ, ಕೊರಿಯಾಂಡ್ರಮ್ ಸಟೈವಮ್. ಬಳ್ಳೊಳ್ಳಿ, ಏಲಿಯಮ್ ಸಟೈವಮ್.”

“ಎಲ್ಲಾ ಒಂದ ಮನಿತನದಾವ ಏನ್ರಿ?”

“ಅಲ್ಲ, ಮನಿತನ ಬ್ಯಾರೆ ಬ್ಯಾರೆ. ಹಿಂದಿನ ಶಬ್ದ ಬಿತ್ತಿ ಬೆಳಸಿದ್ದು ಅಂತ ಹೇಳತೈತಿ, ಅಷ್ಟ. ಮುಂದಿನ ಹೆಸರು ಗಂಡಾದ್ರ ಸಟೈವಸ್, ಹೆಣ್ಣಾದ್ರ ಸಟೈವಾ, ಎರಡೂ ಅಲ್ಲಂದ್ರ ಸಟೈವಮ್. ಮುಂದಿನವ್ರು ಹೆಂಗ ಅದಾರೋ ಹಂಗ ಇದು ತನ್ನ ಬಾಲ ತಿರುವಿಕೊಳ್ಳತೈತಿ.”

ಅನಸವ್ವ ಇನ್ನೊಂದು ರೊಟ್ಟಿ ಹಾಕಿದಳು. “ಮೂಲಂಗಿ ಗಂಡು ಅಂತ ನನಗ ಮೊದಲ ಅನುಮಾನ ಇತ್ತು. ಎಷ್ಟ ಕುದಿಸಿದ್ರೂ ತನ್ನ ವಾಸನಿ ಬಿಡೂದಿಲ್ಲ.”

“ಇದು ನಗೂ ಮಾತಲ್ಲ.”

“ನಾ ಎಲ್ಲಿ ನಕ್ಕೇನ್ರಿ? ಬಾಲ ತಿರುವೂ ಶಬ್ದ ನಮ್ಮ ಮನ್ಯಾಗೂ ಒಂದೈತಿ. ಪ್ರಿನ್ಸಿಪಾಲರ ಮುಂದ ಒಂದ ನಮೂನಿ, ನಮ್ಮಣ್ಣನ ಮುಂದ ಒಂದ ನಮೂನಿ, ಇಬ್ಬರೂ ಇಲ್ಲಂದ್ರ ನನ್ನ ಮುಂದ ಹಿಂಗ.”

ಮುರಗೆಪ್ಪನವರು ಇತಿಹಾಸವನ್ನು ಅಲ್ಲಿಗೇ ನಿಲ್ಲಿಸಿ ಮಜ್ಜಿಗೆ ಕೇಳಿದರು.

ಇನ್ನು ಆ ಗೊಂಚಲಿನ ಮಾತು. ಅಡುಗೆಮನೆಯ ಜಂತಿಗೆ ಒಂದು ಬೆಳ್ಳುಳ್ಳಿ ಗೊಂಚಲು ತೂಗುತ್ತಿತ್ತು. ಅನಸವ್ವನ ತವರು ಬೀಳಗಿ ಕಡೆಯ ಹೊಳೆದಂಡೆಯ ಒಂದು ಊರು. ಆಣೆಕಟ್ಟೆಯ ಹಿನ್ನೀರು ಏರಿ ಆ ಊರು ಮುಳುಗಿತ್ತು. ಊರು ಬಿಡುವ ದಿನ ಸಾಮಾನು ಸಾಗಿಸಲು ಟ್ರ್ಯಾಕ್ಟರ್ ಜೊತೆ ಹೋದವರಲ್ಲಿ ಮುರಗೆಪ್ಪನವರೂ ಒಬ್ಬರು. ಗಂಡಸರು ಬಾಗಿಲು, ತೊಲೆ, ಹಂಚು ಕಿತ್ತು ಹೇರುತ್ತಿದ್ದಾಗ ಅತ್ತೆ ಮಾತ್ರ ಹಿತ್ತಲಿಗೆ ಹೋಗಿ, ಬೆಳ್ಳುಳ್ಳಿ ಗಡ್ಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಟ್ರ್ಯಾಕ್ಟರ್ ಹತ್ತಿದ್ದರು. ಸಣ್ಣ ಎಸಳಿನ, ಕೆಂಪು ಸಿಪ್ಪೆಯ ಜವಾರಿ ಬೆಳ್ಳುಳ್ಳಿ. ಆ ಹೊತ್ತಿನಲ್ಲಿ ಮುರಗೆಪ್ಪನವರ ಬಾಯಿಂದ ಒಂದು ಲ್ಯಾಟಿನ್ ಶಬ್ದವೂ ಹೊರಡಲಿಲ್ಲ. ಮರುವರ್ಷವೇ ಅತ್ತೆ ತೀರಿಕೊಂಡರು. ಅಂದಿನಿಂದ ಪ್ರತಿವರ್ಷ ದಸರೆಯ ಬನ್ನಿ ಹಬ್ಬ ಮುಗಿದ ಮೇಲೆ ಅನಸವ್ವ ಆ ಬೆಳ್ಳುಳ್ಳಿಯನ್ನು ತನ್ನ ಹಿತ್ತಲಿನಲ್ಲಿ ಊರುತ್ತಿದ್ದಳು. ತವರಿನದು ಅಂತ ಅವಳಿಗೆ ಉಳಿದದ್ದು ಅದೊಂದೇ.

ಆ ಗೊಂಚಲಿಗೂ ಮುರಗೆಪ್ಪನವರು ಚೀಟಿ ಕಟ್ಟಿದ್ದರು: ಏಲಿಯಮ್ ಸಟೈವಮ್. ಇಷ್ಟು ಅರ್ಥವತ್ತಾದ ಚೀಟಿ ತಾವು ಮತ್ತೊಂದು ಬರೆದಿಲ್ಲವೆಂದು ಅವರಿಗೆ ಹೆಮ್ಮೆ.

ಆ ವರ್ಷ ಬನ್ನಿ ಮುಗಿದ ಮರುದಿನ ಅನಸವ್ವ ರಬಕವಿಗೆ ಹೊರಟಳು. ಅಲ್ಲಿ ತಂಗಿ ಭಾಗವ್ವನ ಮನೆಯಲ್ಲಿ ಮಗಳ ಬಾಣಂತನ. ಹೊರಡುವಾಗ ಹೊಸ್ತಿಲಲ್ಲಿ ನಿಂತು ಹೇಳಿದಳು: “ಬುಟ್ಟ್ಯಾಗಿನ ಬಳ್ಳೊಳ್ಳಿ ತಿನ್ನಾಕ. ಜಂತಿ ಗೊಂಚಲ ಬಿತ್ತಾಕ. ಅದನ್ನ ಮುಟ್ಟಬ್ಯಾಡ್ರಿ.”

“ನನಗ ಹೇಳತೀ ಏನು? ಆ ಶಬ್ದದ ಅರ್ಥ ಈ ಮನಿಗೆ ಹೇಳಿಕೊಟ್ಟಾಂವ ನಾನು.”

“ಅದಕ್ಕ ಹೇಳಾಕತ್ತೇನಿ,” ಎಂದು ಅನಸವ್ವ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಹೆಂಡತಿ ಇಲ್ಲದ ಮನೆಯಲ್ಲಿ ಮುರಗೆಪ್ಪನವರು ಸ್ವಯಂಪಾಕ ಆರಂಭಿಸಿದರು. ಅವರಿಗೆ ಗೊತ್ತಿದ್ದ ರುಚಿಯ ಗುಟ್ಟು ಒಂದೇ, ಬೆಳ್ಳುಳ್ಳಿ. ಬೇಳೆಗೆ ಒಂದು ಹಿಡಿ, ಪಲ್ಯಕ್ಕೆ ಒಂದು ಹಿಡಿ, ಹಾಕಿದ್ದೇನೋ ಇಲ್ಲವೋ ಎಂಬ ಅನುಮಾನಕ್ಕೆ ಮತ್ತೊಂದು ಹಿಡಿ. ಬುಟ್ಟಿ ಬೇಗ ಬರಿದಾಯಿತು. ಅಂಥ ಒಂದು ರಜಾ ದಿನ ಕಾಲೇಜಿನಲ್ಲಿ ಕನ್ನಡ ಕಲಿಸುವ ಲಗಮಪ್ಪ, ಖಾನಾವಳಿಯಿಂದ ಬಿಸಿ ರೊಟ್ಟಿ ಕಟ್ಟಿಸಿಕೊಂಡು ಬಂದ.

“ಬರೇ ಮಸರ ಏನ್ರಿ ಸರ್? ಖಾರ ಇಲ್ಲೇನು?” ಎಂದು ಅಡುಗೆಮನೆಯಲ್ಲಿ ಕಣ್ಣಾಡಿಸಿದವನ ದೃಷ್ಟಿ ಮೇಲೆ ಹೋಯಿತು. “ಅಲ್ಲೈತಲ್ರಿ ಬಳ್ಳೊಳ್ಳಿ.”

“ಅದು ಮುಟ್ಟಂಗಿಲ್ಲ. ಬೀಜದ್ದು. ಚೀಟಿ ನೋಡ್ರಿ.” ಇಷ್ಟಕ್ಕೇ ಬಿಟ್ಟಿದ್ದರೆ ಗೊಂಚಲು ಉಳಿಯುತ್ತಿತ್ತೇನೋ. ಆದರೆ ಚೀಟಿ ತೋರಿಸಿದ ಮೇಲೆ ಅರ್ಥ ಹೇಳದಿರಲು ಮುರಗೆಪ್ಪನವರಿಂದ ಆಗಲಿಲ್ಲ. ಸೆರೆರೆ ಹೇಳಿದರು, ಸಾಟಸ್ ಹೇಳಿದರು, ಗಂಡು-ಹೆಣ್ಣು-ನಪುಂಸಕ ಮೂರೂ ಹೇಳಿದರು. ಈ ಬೆಳ್ಳುಳ್ಳಿಯ ಘಾಟು, ಅತ್ತೆಯ ಕೈಯ ಖಾರ, ಆ ಖಾರದ ಮೇಲೆ ಬಿಡುತ್ತಿದ್ದ ಕುಸುಬಿ ಎಣ್ಣೆ, ಎಲ್ಲವನ್ನೂ ವರ್ಣಿಸಿದರು. ವರ್ಣಿಸುತ್ತ ಹೋದಂತೆ ಇಬ್ಬರ ಬಾಯಲ್ಲೂ ನೀರೂರಿತು.

ಲಗಮಪ್ಪ ನಿಧಾನಕ್ಕೆ ಕೇಳಿದ. “ಬಿತ್ತಿ ಬೆಳಸಿದ್ದು ಅಂದ್ರಿ. ಬೆಳಸೂದು ಯಾತಕ್ಕ ಸರ್? ತಿನ್ನಾಕಲ್ಲೇನು?”

ಮುರಗೆಪ್ಪನವರು ಯೋಚಿಸಿದರು. ವಿಜ್ಞಾನದಲ್ಲಿ ಸ್ಯಾಂಪಲ್ ಎಂಬುದೊಂದಿದೆ. ಇಡೀ ಗೊಂಚಲಿನಿಂದ ಒಂದು ಗಡ್ಡೆ ತೆಗೆದರೆ ಗೊಂಚಲಿಗೆ ಏನೂ ಆಗುವುದಿಲ್ಲ. ತೆಗೆಯದಿದ್ದರೆ ಗುಣ ತಿಳಿಯುವುದಿಲ್ಲ. ಸ್ಟೂಲ್ ಹತ್ತಿ ಒಂದು ಗಡ್ಡೆ ಬಿಡಿಸಿದರು. ಒಂದು ಗಡ್ಡೆಗೆ ಒರಳು ತುಂಬಲಿಲ್ಲ, ಇನ್ನೊಂದು ಬಿಡಿಸಿದರು. ಕೆಂಪು ಮೆಣಸಿನಕಾಯಿ, ಉಪ್ಪು, ಜೀರಿಗೆ ಹಾಕಿ ಕುಟ್ಟಿ, ಮೇಲೆ ಎಣ್ಣೆ ಬಿಟ್ಟು ಇಬ್ಬರೂ ರೊಟ್ಟಿಗೆ ಹಚ್ಚಿಕೊಂಡರು. ಲಗಮಪ್ಪ ಕಣ್ಣು ಮುಚ್ಚಿದ.

“ಇದು ಬಳ್ಳೊಳ್ಳಿ ನೋಡ್ರಿ. ನಮ್ಮ ಸಂತ್ಯಾಗ ಸಿಗೂದು ಬರೇ ಬಿಳಿ ಗುಂಡ.”

“ಹೊಳಿದಂಡಿ ಮಣ್ಣಿನ ಗುಣ ಅದು. ಸಂತಿ ಮಾಲಿಗೆ ಬರೂದಿಲ್ಲ,” ಎಂದರು ಮುರಗೆಪ್ಪನವರು, ತಾವೇ ಆ ಮಣ್ಣು ಮಾಡಿದವರಂತೆ.

ಮರುದಿನ ಲಗಮಪ್ಪ ರೊಟ್ಟಿ ಹಿಡಿದು ಮತ್ತೆ ಬಂದ. ಅದರ ಮರುದಿನವೂ ಬಂದ. ಅವನು ಬಾರದ ದಿನ, ಬರಬಹುದೇನೋ ಎಂದು ಮುರಗೆಪ್ಪನವರು ಮೊದಲೇ ಕುಟ್ಟಿ ಇಟ್ಟರು. ಹೀಗೆ ಒಂದು ಬೆಳಿಗ್ಗೆ ತಲೆಯೆತ್ತಿ ನೋಡಿದರೆ ಜಂತಿಯಲ್ಲಿ ಉಳಿದದ್ದು ನಾಲ್ಕು ಒಣ ದಂಟು, ಕಟ್ಟಿದ್ದ ಸೀರೆ ಅಂಚಿನ ಚೂರು, ಮತ್ತು ಚೀಟಿ.

ಟ್ರ್ಯಾಕ್ಟರಿನಲ್ಲಿ ಸೆರಗು ಹಿಡಿದು ಕೂತ ಅತ್ತೆ ಕಣ್ಣೆದುರು ಬಂದರು. ನೀರು ಉಳಿಸಿಕೊಟ್ಟದ್ದನ್ನು ಅಳಿಯ ರೊಟ್ಟಿಗೆ ಹಚ್ಚಿಕೊಂಡು ಮುಗಿಸಿದ್ದ. ಅನಸವ್ವ ಬೈದರೆ ತಡೆದುಕೊಳ್ಳಬಹುದಿತ್ತು. ಬೈಯದೆ ಜಂತಿಯನ್ನೇ ನೋಡುತ್ತ ನಿಂತರೆ ಏನು ಮಾಡುವುದು? ಅವರಿಗೆ ನಿಜವಾಗಿಯೂ ಅಳು ಬಂತು. ಬಾಯಿಂದ ಇನ್ನೂ ಬೆಳ್ಳುಳ್ಳಿ ವಾಸನೆ ಬರುತ್ತಿದ್ದದ್ದರಿಂದ ಅಳಲಿಕ್ಕೂ ನಾಚಿಕೆಯಾಯಿತು.

ಜಮಖಂಡಿ ಪೇಟೆಯಲ್ಲಿ ಹುಡುಕಿದರು, ಬರೀ ಬಿಳಿ ಗುಂಡು. ಮುಧೋಳದಲ್ಲೂ ಅದೇ. ಕಾಲೇಜಿಗೆ ರಜೆ ಹಾಕಿ ಲೋಕಾಪುರದ ಸಂತೆಗೆ ಹೋದಾಗ, ಒಬ್ಬ ಮುದುಕಿಯ ಚೀಲದ ಮೇಲೆ ಕೆಂಪು ಸಿಪ್ಪೆಯ ಸಣ್ಣ ಗಡ್ಡೆಗಳು ಕಂಡವು. ಮುರಗೆಪ್ಪನವರು ಜೇಬಿನಿಂದ ಭೂತಗನ್ನಡಿ ತೆಗೆದು ಒಂದು ಗಡ್ಡೆಯನ್ನು ಸುತ್ತಲೂ ಪರೀಕ್ಷಿಸಿದರು.

“ಜವಾರಿ ಏನವ್ವ?”

“ಜವಾರಿನ ರಿ ಸಾಹೇಬ್ರ.”

“ಒಂದು ಗೊಂಚಲ ಬೇಕು. ಇದರಿಂದ ಕಟ್ಟಿಕೊಡು,” ಎಂದು ಸೀರೆ ಅಂಚಿನ ಚೂರನ್ನು ಮುಂದೆ ಹಿಡಿದರು.

ಮುದುಕಿ ಆ ಚೂರನ್ನು ನೋಡಿದಳು, ಇವರನ್ನು ನೋಡಿದಳು. “ಜಮಖಂಡಿಯವರೇನ್ರಿ? ಕಾಲೇಜಿನ್ಯಾಗ ಕಲಸ್ತೀರೇನು?”

“ಹೌದು. ನಿನಗ ಹೆಂಗ ಗೊತ್ತಾತು?”

“ಬಳ್ಳೊಳ್ಳಿಗೆ ಭೂತಗನ್ನಡಿ ಹಿಡಿಯೋರು ಮತ್ತ ಯಾರ ಇರ್ತಾರ್ರಿ,” ಎಂದು ಅವಳು ಗೊಂಚಲು ಹೆಣೆಯತೊಡಗಿದಳು. ಹಳೆಯ ಗೊಂಚಲು ಹೇಗಿತ್ತೋ ತಂತಾನೇ ಹಾಗೇ ಆಯಿತು. ಈ ಕಡೆಯ ಹೆಂಗಸರೆಲ್ಲ ಹೀಗೇ ಕಟ್ಟುತ್ತಾರೆಂದು ಮುರಗೆಪ್ಪನವರು ತಿಳಿದರು. ಖುಷಿಯಲ್ಲಿ ಅವಳಿಗೂ ಸಟೈವಮ್ ಅರ್ಥ ಹೇಳಿ, ಬಸ್ ಹಿಡಿದರು.

ಅನಸವ್ವ ಒಂದು ಬಟ್ಟೆಗಂಟು ಹಿಡಿದು ರಬಕವಿಯಿಂದ ಬಂದಳು. ಮುರಗೆಪ್ಪನವರು ಬಾಗಿಲು ತೆಗೆದಾಗ ಹೊಸ್ತಿಲಲ್ಲೇ ಒಂದು ಗಳಿಗೆ ನಿಂತಳು. ಚಪ್ಪಲಿ ಬಿಡಲಿಕ್ಕೆ ಎಂದು ಅವರು ಎಣಿಸಿದರು. ಆಮೇಲೆ ಅಡುಗೆಮನೆಗೆ ಹೋಗಿ ಮೇಲೆ ನೋಡಿದಳು.

“ಗೊಂಚಲ ಛಲೋ ಐತಿ.”

“ಹೂಂ. ಇದ್ದಂಗ ಐತಿ.”

“ನಾ ಹೋಗೂ ಮುಂದ ಇದ್ದದ್ದಕ್ಕಿಂತ ಛಲೋ ಐತಿ.”

“ಗಾಳಿ ಆಡಿರಬೇಕು,” ಎಂದು ಮುರಗೆಪ್ಪನವರು ಕೊಡ ಎತ್ತಿಕೊಂಡು ನಳದ ಕಡೆ ನಡೆದರು. ಮದುವೆಯಾದ ಮೇಲೆ ಅವರು ತಾವಾಗಿ ಕೊಡ ಎತ್ತಿದ್ದು ಅದೇ ಮೊದಲು.

ಎರಡು ದಿನ ಬಿಟ್ಟು ಅನಸವ್ವ ಗೊಂಚಲು ಇಳಿಸಿದಳು. ಗಂಡನ ತಲೆಯ ಮೇಲೆ ಜೋಳದ ಚೀಲ ಹೊರಿಸಿ ಗಿರಣಿಗೆ ಕಳಿಸಿದಳು. ಹಿಟ್ಟು ಬೀಸಿಸಿಕೊಂಡು ಬರುವಷ್ಟರಲ್ಲಿ ಹಿತ್ತಲಿನಲ್ಲಿ ಮಡಿ ಸಿದ್ಧವಾಗಿ, ಎಸಳು ಊರಿ, ನೀರು ಬಿಟ್ಟಾಗಿತ್ತು. ಸಂತೆಯ ಮಾಲು ಮಣ್ಣು ಸೇರಿತು, ಇನ್ನು ದೇವರೇ ಗತಿ ಎಂದುಕೊಂಡರು ಮುರಗೆಪ್ಪನವರು.

ಅಲ್ಲಿಂದ ಅವರ ಬಾಳು ಬದಲಾಯಿತು. ನಳದ ನೀರು ಅವರದು, ಗಿರಣಿ ಅವರದು, ಬೆಳಗಿನ ಚಹಾ ಅವರದು. ಎಲ್ಲಾದರೂ ತುಸು ಹಿಂದೆಮುಂದೆ ನೋಡಿದರೆ ಅನಸವ್ವ ಬೈಯುತ್ತಿರಲಿಲ್ಲ. ಬೆಳ್ಳುಳ್ಳಿ ಮಡಿಯ ಕಡೆ ತಿರುಗಿ, “ಯಾಕೋ ಅವ್ವನ ನೆನಪಾತು ನೋಡ್ರಿ,” ಎನ್ನುತ್ತಿದ್ದಳು. ಅಷ್ಟಕ್ಕೇ ಮುರಗೆಪ್ಪನವರು ಕಸಬರಿಗೆ ಹುಡುಕುತ್ತಿದ್ದರು. ಲ್ಯಾಟಿನ್ ಕೂಡ ಬಹಳ ಕಡಿಮೆಯಾಯಿತು. ಹಿತ್ತಲಿನ ಮಡಿಗೆ ಚೀಟಿ ಹಚ್ಚುವ ಧೈರ್ಯವೇ ಅವರಿಗೆ ಬರಲಿಲ್ಲ.

ಒಂದು ದಿನ ತಾಟಿನಲ್ಲಿ ಬೆಳ್ಳುಳ್ಳಿ ಖಾರ ಬಿತ್ತು. ಮುರಗೆಪ್ಪನವರು ತುತ್ತು ಬಾಯಿಗಿಟ್ಟು, “ಎಲ್ಲೀದು ಇದು?” ಎಂದರು.

“ಸಂತೀದು.”

“ಅದಕ್ಕ. ನಿಮ್ಮವ್ವನ ಬಳ್ಳೊಳ್ಳಿ ಕತಿ ಬ್ಯಾರೆ. ಇದರಾಗ ತಾಕತ್ತ ಇಲ್ಲ.”

“ನಾಲಿಗಿಗೆ ಹಚ್ಚಿದ ಕೂಡ್ಲೆ ನಿಮಗ ತಿಳೀತೈತಿ ನೋಡ್ರಿ.”

“ಅದಕ್ಕ ಅಭ್ಯಾಸ ಬೇಕು,” ಎಂದು ಅವರು ಗಂಭೀರವಾಗಿ ಹೇಳಿದರು.

ಕೀಳುವ ಹೊತ್ತು ಹತ್ತಿರ ಬಂದಂತೆ ಅವರಿಗೆ ನಿದ್ದೆ ಕಡಿಮೆಯಾಯಿತು. ಮುಂಜಾಗ್ರತೆಯಾಗಿ, ಮಣ್ಣು ಬದಲಾದರೆ ಬೆಳೆಯ ಬಣ್ಣ, ವಾಸನೆ ಎಲ್ಲ ಬದಲಾಗುತ್ತದೆ ಎಂದು ಊಟದ ಹೊತ್ತಿನಲ್ಲಿ ಎರಡು ಪಾಠ ಮಾಡಿದರು. ಅನಸವ್ವ “ಹೌದೇನ್ರಿ” ಎಂದು ಕೇಳಿಸಿಕೊಂಡಳು.

ಶಿವರಾತ್ರಿ ಕಳೆದ ಮೇಲೆ ಒಂದು ಮುಂಜಾನೆ ಅವಳು ಮಡಿಯ ಅಂಚಿಗೆ ಕೂತು ಮೊದಲ ಗಡ್ಡೆ ಕಿತ್ತಳು. ಮಣ್ಣು ಉದುರಿಸಿದಳು. ಸಣ್ಣದು, ಕೆಂಪು ಸಿಪ್ಪೆ. ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದವಳ ಕಣ್ಣು ತುಂಬಿ ಬಂತು.

“ಅವ್ವ ಬಂದು ಬಾಜೂಕ ಕುಂತಂಗಾತು,” ಎಂದಳು ಮೆಲ್ಲಗೆ.

ಸಿಕ್ಕಿಬೀಳಲಿಲ್ಲವೆಂದು ಮುರಗೆಪ್ಪನವರು ಸಂತೋಷಪಡಬೇಕಿತ್ತು. ಸಂತೋಷ ಬರಲಿಲ್ಲ. ಪಾಪ, ಲೋಕಾಪುರ ಸಂತೆಯ ಬೆಳ್ಳುಳ್ಳಿಗೆ ಇವಳು ತಾಯಿ ಎಂದು ಕಣ್ಣೀರು ಹಾಕುತ್ತಿದ್ದಾಳೆ. ಇದಕ್ಕಿಂತ ಅವಳು ಅಂದೇ ಕಂಡುಹಿಡಿದು ಬೈದಿದ್ದರೆ ಎಷ್ಟೋ ವಾಸಿ ಇತ್ತು.

“ಅನಸವ್ವ, ಒಂದು ಮಾತ ಹೇಳೂದೈತಿ,” ಎಂದು ಶುರು ಮಾಡಿದರು.

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರುಗುಟ್ಟಿತು. ಮುಂದೆ ಭಾಗವ್ವ, ಅವಳ ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಲೋಕಾಪುರದ ಆ ಮುದುಕಿ.

“ಆರಾಮೇನ್ರಿ ಸಾಹೇಬ್ರ?” ಎಂದಳು ಮುದುಕಿ ಬುಟ್ಟಿ ಇಳಿಸುತ್ತ. “ಭೂತಗನ್ನಡಿ ಎಲ್ರಿ ಇವತ್ತ?”

ಮುರಗೆಪ್ಪನವರು ಸುಮ್ಮನೆ ಜೇಬು ತಡವಿಕೊಂಡರು.

“ಈಕಿ ಬೋರವ್ವ,” ಎಂದಳು ಅನಸವ್ವ, ಕಣ್ಣೊರೆಸಿಕೊಂಡು ಇನ್ನೊಂದು ಗಡ್ಡೆ ಕೀಳುತ್ತ. “ನಮ್ಮೂರಾಕಿ. ಅವ್ವನ ಬಾಜೂಮನಿ. ಊರು ಮುಳುಗಿದ ಮ್ಯಾಲ ಲೋಕಾಪುರದಾಗ ಮಗನ ಕಡೆ ಇರತಾಳ.”

“ಹೌದೇನು,” ಎಂದರು ಮುರಗೆಪ್ಪನವರು.

ಭಾಗವ್ವ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. “ಅಕ್ಕ, ಇನ್ನ ಹೇಳಿ ಮುಗಿಸ ಬೇ. ಮಾಮಾರ ಮುಖ ನೋಡಾಕ ಆಗವಲ್ದು.”

ಅನಸವ್ವ ಅವಸರ ಮಾಡಲಿಲ್ಲ. “ನಮ್ಮೂರಾಗ ತಮ್ಮ ಬೀಜ ತಮ್ಮ ಮನ್ಯಾಗ ಯಾರೂ ಇಡತಿದ್ದಿಲ್ರಿ. ಉಣ್ಣೋರು ಬಿಡೂದಿಲ್ಲಂತ. ನನ್ನ ಬಳ್ಳೊಳ್ಳಿ ಬೀಜ ಭಾಗವ್ವನ ಮನ್ಯಾಗ ಇರತೈತಿ. ಬಾಣಂತನ ಮುಗಿಸಿ ಬರೂ ಮುಂದ ಗಂಟ ಕಟಗೊಂಡ ಬಂದಿದ್ನಲ್ಲ, ಅದ ಇದು. ಭಾಗವ್ವನ ಸವತಿಕಾಯಿ ಬೀಜ ನಮ್ಮ ಮನ್ಯಾಗ ಅದಾವ.”

“ನಮ್ಮ ಮನ್ಯಾಗ ಎಲ್ಲಿ?”

“ನಿಮ್ಮ ಒಣ ಎಲಿ ಅಂಟಿಸಿದ ಪುಸ್ತಕದ ಪೆಟ್ಟಿಗ್ಯಾಗ. ಅದರ ಮುಚ್ಚಳ ನೀವು ಯಾವ ಕಾಲದಾಗ ತಗದೀರಿ?”

ಮುರಗೆಪ್ಪನವರು ಆ ಪ್ರಶ್ನೆ ಬಿಟ್ಟು ಮುಂದಿನದಕ್ಕೆ ಹೋದರು. “ಹಂಗಾರ ಜಂತಿ ಗೊಂಚಲ?”

“ಅದು ಗಂಡಸರದು. ತಿನ್ನಾಕ ಐತಿ ಅಂದ್ರ ಅವತ್ತ ತಿಂತೀರಿ. ಬಿತ್ತಾಕ ಐತಿ ಅಂದ್ರ ಸ್ವಲ್ಪ ತಡೀತೀರಿ. ಅವ್ವ ಅಪ್ಪನ ಸಲುವಾಗಿ ಹಂಗ ತೂಗ ಹಾಕತಿದ್ಳು. ನಾ ವರ್ಷಾ ಬೋರವ್ವನ ಕಡಿಂದ ಕೊಂಡ ತರತೇನಿ.”

“ಹಂಗಾರ ನಾ ಲಗಮಪ್ಪನ ಕೂಡ...”

“ಹೊಗಳಿ ಹೊಗಳಿ ತಿಂದಿರಲ್ಲ, ಅದೂ ಬೋರವ್ವನ ಮಾಲ. ಆಮ್ಯಾಲ ನೀವು ತಂದ ಗೊಂಚಲ ಕುಟ್ಟಿ ಹಾಕಿದಾಗ ತಾಕತ್ತ ಇಲ್ಲ ಅಂದಿರಿ, ಅದೂ ಬೋರವ್ವನ ಮಾಲ. ಲಗಮಪ್ಪ ಸರ್ ದಾರ್ಯಾಗ ಸಿಕ್ಕು, ‘ಅಕ್ಕಾರ, ನಿಮ್ಮ ತವರಮನಿ ಬಳ್ಳೊಳ್ಳಿ ಇನ್ನ ಯಾವಾಗ’ ಅಂತ ಕೇಳಿದ್ರು. ಅವರ ಕೇಳೂದು ಬ್ಯಾಡಾಗಿತ್ತು. ನೀವು ಬಾಗಲಾ ತಗದ ಕೂಡ್ಲೆ ವಾಸನಿ ಅಂಗಳಕ್ಕ ಬಂದಿತ್ತು.”

“ತಾಕತ್ತ ಇಲ್ಲ ಅಂದ್ರೇನ್ರಿ ನನ್ನ ಬಳ್ಳೊಳ್ಳಿಗೆ?” ಎಂದು ಬೋರವ್ವ ಮುಖ ತಿರುವಿದಳು.

ಮುರಗೆಪ್ಪನವರು ಮಡಿಯ ಅಂಚಿಗೆ ಕೂತುಬಿಟ್ಟರು. ಅತ್ತೆಯ ಬೆಳ್ಳುಳ್ಳಿ ಉಳಿದಿತ್ತು. ಅನಸವ್ವ ಅತ್ತದ್ದು ಸರಿಯಾದ ಗಡ್ಡೆಗೇ ಅತ್ತಿದ್ದಳು. ಎದೆಯ ಮೇಲಿನ ಭಾರ ಇಳಿದು ಉಸಿರು ಸಲೀಸಾಯಿತು. ಉಸಿರು ಸಲೀಸಾದ ಮೇಲೆ ಸಿಟ್ಟು ಬಂತು.

“ಎಲ್ಲಾ ಗೊತ್ತಿದ್ದು ಇಷ್ಟ ದಿನ ನನಗ ಯಾಕ ಹೇಳಲಿಲ್ಲ?”

“ನೀರ ತರಾಕ ಒಬ್ಬರು ಬೇಕಾಗಿತ್ರಿ,” ಎಂದಳು ಅನಸವ್ವ.

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಮುರಗೆಪ್ಪನವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಬೀದಿಯ ನಳದಲ್ಲಿ ನೀರು ಬಂದ ಸದ್ದಾಯಿತು. ಅವರ ಕೈ ತಾನಾಗಿ ಕೊಡದ ಕಡೆ ಹೋಯಿತು. ಒಂದು ಹೆಗಲಿಗೆ, ಒಂದು ಕೈಗೆ ಕೊಡ ಹಿಡಿದು ಅವರು ಹೊರಟದ್ದನ್ನು ಮೂವರು ಹೆಂಗಸರೂ ನೋಡಿದರು.

“ನಮ್ಮನಿಯವರು ಬೀದಿ ನಳದ ಮುಖಾನ ನೋಡಿಲ್ಲ ಬೇ ಅಕ್ಕ,” ಎಂದಳು ಭಾಗವ್ವ. “ಮಾಮಾರು ಮೊದಲಿಂದ ಹಿಂಗ ಏನು?”

“ಇಲ್ಲವಾ,” ಎಂದಳು ಅನಸವ್ವ ಮಣ್ಣು ಕೊಡವುತ್ತ. “ತಾನ ಎದ್ದದ್ದಲ್ಲ ಇದು. ಕೈಯಾರೆ ಬೆಳಸಿದ್ದು. ಗಂಡಾದ್ರ ಸಟೈವಸ್ ಅಂತಾರಂತ.”